ಕುರ್ಚಿ ಬಿಟ್ಟು ಎದ್ದದ್ದು

ಬನ್ನಿಮಂಟಪ, ಮೈಸೂರು
21-8-1958

ಅಣ್ಣನಿಗೆ ಪ್ರೇಮಲೀಲಾಳ ನಮಸ್ಕಾರ.

ನಿನ್ನ ಮಂಡಿನೋವು ಹೇಗಿದೆ? ಅತ್ತಿಗೆಗೆ ಮದರಾಸಿನ ಸೆಕೆ ಒಗ್ಗಿತೆ? ಕೇಳಬೇಕಾದದ್ದು, ಕೇಳಿದ್ದೇನೆ. ಅವ್ವ ಚೆನ್ನಾಗಿದ್ದಾಳೆ. ಇವರು ಚೆನ್ನಾಗಿಲ್ಲ.

ಸೋಮವಾರ ನಿನ್ನ ಕಾಗದ ಬಂತು. ತಪ್ಪು ತನ್ನದೇ ಅಂತ ಭಾವ ಬರೆದುಕೊಟ್ಟುಬಿಡಲಿ, ಒಂದು ಬಡ್ತಿ ನಿಲ್ಲಿಸಿ ಮತ್ತೆ ಕೆಲಸಕ್ಕೆ ತಗೋತಾರೆ, ಸಾಹೇಬರ ಹತ್ತಿರ ಮಾತಾಡಿದ್ದೀನಿ ಅಂತ ಬರೆದಿದ್ದೀಯ. ಓದಿ ಮೈಯೆಲ್ಲ ಉರಿಯಿತು. ಆ ದಿನ ಏನಾಯಿತು ಅಂತ ನೀನು ಒಂದು ಸಲವೂ ಕೇಳಲಿಲ್ಲ. ನಾನೇ ಹೇಳುತ್ತೇನೆ, ಕೇಳು.

ಜೂನ್ ತಿಂಗಳು, ಮಧ್ಯಾಹ್ನ ಮೂರು ಗಂಟೆ, ಜಡಿಮಳೆ. ಏರೋಡ್ರೋಮಿನ ಟವರಿನಲ್ಲಿ ಇವರೊಬ್ಬರೇ. ಇಪ್ಪತ್ತೊಂದು ಜನ ಕೂತಿದ್ದ ವಿಮಾನಕ್ಕೆ ಇಳಿಯಬಹುದು ಅಂತ ರೇಡಿಯೋದಲ್ಲಿ ಹೇಳಿದ್ದರು. ಅಷ್ಟರಲ್ಲಿ ಜಲ್ಲಿ ಸಾಗಿಸುವ ಲಾರಿಯೊಂದು ಅಡ್ಡಬಂದು ರನ್‌ವೇ ಮಧ್ಯೆ ಕೆಟ್ಟು ನಿಂತಿತು. ಇಳಿಯಬೇಡಿ ಅನ್ನೋಣವೆಂದರೆ ರೇಡಿಯೋ ಸೆಟ್ಟು ಸತ್ತಿದೆ. ಬದಲಿ ಸೆಟ್ಟು ರಿಪೇರಿಗೆ ಹೋಗಿ ಐದು ತಿಂಗಳಾಗಿತ್ತು. ಕೆಂಪು ದೀಪ ತೋರಿಸೋಣವೆಂದರೆ ಅದರ ಬ್ಯಾಟರಿಯೂ ಇಳಿದಿತ್ತು. ಇವರು ಕೆಂಪು ಬಾವುಟ ಕಿತ್ತುಕೊಂಡು ಮೆಟ್ಟಿಲಿಳಿದು, ಬರುತ್ತಿದ್ದ ವಿಮಾನಕ್ಕೆ ಎದುರಾಗಿ ಓಡಿದರು. ಪೈಲಟ್ ನೋಡಿ ಪಕ್ಕಕ್ಕೆ ತಿರುಗಿಸಿದ. ಕೆಸರಿನಲ್ಲಿ ಜಾರಿ ರೆಕ್ಕೆ ಮುರಿಯಿತು, ಆತನ ಒಂದು ಕಾಲು ಹೋಯಿತು. ಮಿಕ್ಕವರೆಲ್ಲ ತಮ್ಮ ಕಾಲ ಮೇಲೆ ನಡೆದುಕೊಂಡು ಆಚೆ ಬಂದರು.

ಅದಕ್ಕೆ, ಏರೋಡ್ರೋಮುಗಳ ಉಸ್ತುವಾರಿಯ ನಿಮ್ಮ ಮದರಾಸಿನ ಆಫೀಸಿನವರು ಏನು ಬರೆದರು? ಮರಿಸ್ವಾಮಿ ಎಂಬ ನೌಕರ ಕರ್ತವ್ಯದ ವೇಳೆಯಲ್ಲಿ ಕುರ್ಚಿ ಬಿಟ್ಟು ಹೋಗಿದ್ದ ಅಂತ. ಸತ್ತ ಸೆಟ್ಟಿನ ಮುಂದೆ ಕೂತುಕೊಂಡು ಇಪ್ಪತ್ತೊಂದು ಜನ ಸಾಯುವುದನ್ನು ನೋಡಬೇಕಿತ್ತೇ? ಸೆಟ್ಟು ಕೆಟ್ಟಿದೆ ಅಂತ ದೂರು ಬಂದೇ ಇರಲಿಲ್ಲವಂತೆ. ನಾಲ್ಕು ಸಲ ಬರೆದಿದ್ದರು ಇವರು. ಅಂಥ ಕಾಗದಗಳು ಮೊದಲು ಬರುವುದು ನಿನ್ನ ಮೇಜಿಗೇ ಅಲ್ಲವೇ?

ಕಳೆದ ದಸರಾಕ್ಕೆ ನೀನು ಬಂದಿದ್ದಾಗ ಊಟಕ್ಕೆ ಕೂತು ಇವರು ಹೇಳಿದ್ದರು: "ಮಾತಿನ ಮಧ್ಯೆ ಸೆಟ್ಟು ನಿಂತೋಗ್ತದೆ ಭಾವ. ಒಂದಿನ ಯಾರನ್ನಾದ್ರೂ ಕೊಂದುಬುಡ್ತೀನೋ ಅಂತ ಭಯ." ನೀನು ಮೊಸರು ಕಲಸಿಕೊಳ್ಳುತ್ತಾ, "ಎಲ್ಲಾ ಕಡೆ ಅದೇ ಹಳೇ ಸಾಮಾನು ಕಣ್ರೀ. ಮೇಲಿಂದ ಮೇಲೆ ಬರೆದು ಸಾಹೇಬರಿಗೆ ಯಾಕೆ ಕೋಪ ಬರಿಸ್ತೀರಿ, ಬುಡಿ" ಅಂದೆ. ಬಡಿಸುತ್ತಿದ್ದವಳು ನಾನು. ಒಂದಕ್ಷರ ಮರೆತಿಲ್ಲ.

ಈಗ ಪಕ್ಕದ ಚೆಲುವಮ್ಮನವರ ಮನೆ ರೇಡಿಯೋ ನಡುವೆ ಒಂದು ಗಳಿಗೆ ಸುಮ್ಮನಾದರೂ ಇವರು ದಡಕ್ಕನೆ ಎದ್ದು ನಿಲ್ಲುತ್ತಾರೆ. ಕೈಯಲ್ಲಿ ತುತ್ತು ಹಾಗೇ ಇರುತ್ತದೆ. "ಕೇಳಿಸ್ತಿದೆಯಾ? ಕೇಳಿಸ್ತಿದೆಯಾ?" ಅಂತ ಗೋಡೆಯನ್ನು ಕೇಳುತ್ತಾರೆ. ಹನ್ನೊಂದು ವರ್ಷದಲ್ಲಿ ಒಂದು ದಿನ ದನಿ ಎತ್ತರಿಸಿದವರಲ್ಲ, ಮೊನ್ನೆ ಅವ್ವನ ಮೇಲೆ ಕೂಗಾಡಿ, ಆಮೇಲೆ ಹಿತ್ತಲಿಗೆ ಹೋಗಿ ಅತ್ತರು. ಆ ಪೈಲಟ್‌ಗೆ ಕಾಗದ ಬರೆಯಲು ಕೂರುತ್ತಾರೆ, ಹರಿದುಹಾಕುತ್ತಾರೆ. ಇಂಥವರ ಕೈಲಿ ತಪ್ಪು ನನ್ನದೇ ಅಂತ ಬರೆಸಿದರೆ ಅದನ್ನು ನಿಜವೆಂದೇ ನಂಬಿಬಿಡುತ್ತಾರೆ. ಆಗ ಕೆಲಸವೊಂದು ಉಳಿದು ಏನು ಪ್ರಯೋಜನ?

ಅವ್ವ ನಿನಗೂ ಅತ್ತಿಗೆಗೂ ಆಶೀರ್ವಾದ ತಿಳಿಸಲು ಹೇಳಿದಳು. ನಿನ್ನ ಕಾಗದದಲ್ಲಿದ್ದುದನ್ನು ನಾನು ಅವಳಿಗೆ ಪೂರ್ತಿ ಓದಿ ಹೇಳಿಲ್ಲ.

ನಿನ್ನ ತಂಗಿ,
ಪ್ರೇಮಲೀಲಾ

ಮರೆತೆನೆಂದುಕೊಳ್ಳಬೇಡ, ಬರೆಯಲು ಕೈ ಬಂದಿರಲಿಲ್ಲ. ಇವರ ಟ್ರಂಕಿನಲ್ಲಿ ಆ ನಾಲ್ಕೂ ದೂರುಗಳ ನಕಲು ಸಿಕ್ಕಿದವು, ತಲುಪಿದ್ದಕ್ಕೆ ಅಂಚೆಯವರು ತಂದುಕೊಟ್ಟ ಚೀಟಿಗಳೂ ಇದ್ದವು. ನಾಲ್ಕು ಚೀಟಿಗಳಲ್ಲೂ ಪಡೆದವನೆಂದು ಇರುವುದು ನಿನ್ನ ಸಹಿ. "ನಿಮ್ಮಣ್ಣನ ಅನ್ನ ಹೋಗ್ತದೆ, ಒಳಗಿಡು" ಅಂದರು ಇವರು. ಇವರಿಗೆ ತಿಳಿಸದೆ ಇವತ್ತು ಬೆಳಿಗ್ಗೆ ನಾನೇ ವಿಚಾರಣೆ ಮಾಡುವ ಅಧಿಕಾರಿಗೆ ಎಲ್ಲವನ್ನೂ ರಿಜಿಸ್ಟರ್ ಮಾಡಿದ್ದೇನೆ. ಅದು ಅವರ ಕೈಸೇರಲು ಇನ್ನು ನಾಲ್ಕೈದು ದಿನ ಬೇಕು, ಈ ಕಾಗದ ನಿನಗೆ ನಾಳಿದ್ದೇ ಸಿಗುತ್ತದೆ. ಅಷ್ಟರೊಳಗೆ ನೀನೇ ಹೋಗಿ ಹೇಳಿಬಿಡು, ಅಣ್ಣ.