ಸಟೇಷನ್ ಅನ್ನುವ ನನ್ನ ಮಗಳು

ಸವದತ್ತಿ, ಜುಲೈ 1976

ಅಂಗಡಿ ಮಾಸ್ತರರೇ,

ನಾನು ಕೆಂಪವ್ವನ ತಾಯಿ. ಈ ವಾರ ಅವಳು ಶಾಲೆಗೆ ಬಂದಿಲ್ಲ. ಜ್ವರವೇನಿಲ್ಲ. "ಏ ಸರ್ದಾರನ ಮಗಳ, ಸ್ಟೇಷನ್ ಅನ್ನು ನೋಡೂಣು" ಎಂದು ದಿನಾ ಎಬ್ಬಿಸಿ ನಿಲ್ಲಿಸುತ್ತೀರಿ. ಅವಳು ಸಟೇಷನ್ ಅನ್ನುತ್ತಾಳೆ, ಸಕೂಲ್ ಅನ್ನುತ್ತಾಳೆ. ತರಗತಿಯೆಲ್ಲ ನಗುತ್ತದೆ. ಪಂಜಾಬಿನವರು ಇಂಗ್ಲಿಷ್ ಮಾತನ್ನು ಹಾಗೆಯೇ ಬಿಡಿಸಿ ಆಡುತ್ತಾರೆ. ಅವಳು ಅಪ್ಪನಿಂದ ಕಲಿತಳು.

ನನ್ನ ಗಂಡ ಜಗೀರ್ ಸಿಂಗ್ ಆಣೆಕಟ್ಟಿನಲ್ಲಿ ಕ್ರೇನ್ ನಡೆಸುವಾಗ ಸಾಹೇಬರ ಮುಂದೆಯೂ ಹಾಗೇ ಮಾತಾಡುತ್ತಿದ್ದರು. ಒಬ್ಬರೂ ನಗಲಿಲ್ಲ. ಅದೇ ಮಾತು ಹೊಲಗೇರಿಯ ಹುಡುಗಿಯ ಬಾಯಲ್ಲಿ ಬಂದಾಗ ನಿಮಗೆ ನಗೆ ಬಂತು. ನೀವು ನಗುತ್ತಿರುವುದು ನಮ್ಮ ಕೇರಿಗೆ.

ನನ್ನ ಗಂಡ ತೀರಿಕೊಂಡು ವರ್ಷವಾಯಿತು. ನಿನ್ನೆ ಮಗಳು ಕೇಳಿದಳು: "ಯವ್ವಾ, ಅಪ್ಪಗ ನೆಟ್ಟಗ ಮಾತಾಡಾಕ ಬರತಿದ್ದಿಲ್ಲೇನು?"

"ಬರತಿತ್ತವ್ವಾ" ಅಂದೆ. ನಂಬಲಿಲ್ಲ.

ದಿನವಿಡೀ ಮಣ್ಣು ಹೊತ್ತು ಬರುವ ನನಗೆ ಜಗಳಾಡುವ ಕಸುವಿಲ್ಲ. ಸೋಮವಾರ ಅವಳನ್ನು ಕರೆತರುತ್ತೇನೆ. ಅವಳ ಅಪ್ಪ ಆಡಿದ್ದು ತಪ್ಪಲ್ಲ ಎಂದು ಎಲ್ಲ ಮಕ್ಕಳ ಮುಂದೆ ಹೇಳಿ. ನೀವು ಹೇಳುವವರೆಗೆ ನಾನು ತರಗತಿಯ ಬಾಗಿಲಲ್ಲೇ ಕೂತಿರುತ್ತೇನೆ. ಅವತ್ತಿನ ಕೂಲಿ ಹೋದರೆ ಹೋಗಲಿ.

ರಾಚವ್ವ ಜಗೀರ್ ಸಿಂಗ್