ಪೆದ್ದಾಯನ ಮತ್ತು ನೀಲಿ ಸ್ವೆಟರ್

ಮುಳಬಾಗಿಲು
೧೮ ಜನವರಿ ೨೦೨೫

ಪ್ರೀತಿಯ ಶಿವಾನಿ,

ಹೇಗಿದ್ದೀಯ? ನಿನ್ನ ಕಾಗದ ದೀಪಾವಳಿಗೆ ಮೊದಲೇ ಬಂದಿತ್ತು, ಉತ್ತರ ಬರೆಯುವಷ್ಟರಲ್ಲಿ ಸಂಕ್ರಾಂತಿ ಮುಗಿದಿದೆ. ಬೈದುಕೊಂಡಿದ್ದರೆ ಈಗಲೇ ನಿಲ್ಲಿಸಿಬಿಡು. ಫೋನ್ ಮಾಡಬಹುದಿತ್ತು ನಿಜ. ಆದರೆ ನಾನು ಫೋನ್ ಹಿಡಿದರೆ ಸಾಕು, ಅತ್ತೆ ಪಕ್ಕಕ್ಕೆ ಬಂದು ಕೂತು ಅವರೆಕಾಯಿ ಸುಲಿಯಲು ಶುರು ಮಾಡುತ್ತಾರೆ. ಅವರ ವಿಷಯ ಅವರೆದುರಿಗೇ ಹೇಗೆ ಹೇಳಲಿ?

ತಡವಾಗಿದ್ದಕ್ಕೆ ಕಾರಣ ಒಂದು ಮುದಿ ನಾಯಿ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಚೈತನ್ಯ ಬೀದಿಯಲ್ಲಿ ಬಿಟ್ಟುಹೋದ ನಾಯಿಗಳನ್ನು ಹಿಡಿದು ತಂದು, ಔಷಧಿ ಹಾಕಿಸಿ, ಸಾಕುವವರನ್ನು ಹುಡುಕಿ ಕೊಡುತ್ತಾನೆ. ನವೆಂಬರಿನಲ್ಲಿ ಒಂದು ದಿನ ಸ್ಟಾಫ್ ರೂಮಿನಲ್ಲಿ ನಾನು ಹೆಣೆಯುತ್ತಾ ಕೂತಿದ್ದಾಗ ಬಂದು, "ಮೇಡಂ, ಇಷ್ಟು ತಾಳ್ಮೆ ಇರೋರು ನಮ್ಮ ಸ್ಕೂಲಲ್ಲಿ ನೀವೊಬ್ರೇ" ಎಂದ. ಹೊಗಳಿಕೆಗೆ ಕರಗಿದೆ ನೋಡು, ಅದೇ ನಾನು ಮಾಡಿದ ತಪ್ಪು. ಸಂಜೆಗೆ ನಾಯಿ ನಮ್ಮ ಮನೆಯಲ್ಲಿತ್ತು. "ಹದಿನೈದು ದಿನ ಮೇಡಂ, ಅಷ್ಟರಲ್ಲಿ ಯಾರಾದ್ರೂ ಸಿಗ್ತಾರೆ" ಎಂದು ಹೇಳಿ ಮಾಯವಾದ.

ನಂಗಲಿ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಯಾರೋ ಕಾರಿನಿಂದ ಇಳಿಸಿ ಹೋಗಿದ್ದರಂತೆ. ಕಜ್ಜಿ ಹತ್ತಿ ಮೈಮೇಲಿನ ಕೂದಲೆಲ್ಲ ಉದುರಿತ್ತು. ಒಂದು ಕಣ್ಣಿಗೆ ಪೊರೆ. ಅತ್ತೆ ನೋಡಿದವರೇ, "ಇದು ಒಳಗೆ ಬಂದ್ರೆ ನಾನು ಆಚೆ ಹೋಗ್ತೀನಿ" ಎಂದರು. ನಾನು ನಾಯಿಯನ್ನು ವರಾಂಡದಲ್ಲೇ ಕಟ್ಟಿ "ಬಾ, ಕೂತ್ಕೋ, ತಿನ್ನು" ಎಂದು ಗಂಟೆಗಟ್ಟಲೆ ಬೇಡಿದೆ. ಅದು ಗೋಡೆ ನೋಡುತ್ತಾ ನಿಂತಿತ್ತು. ಕಿವುಡೋ ಏನೋ ಎಂದುಕೊಂಡೆ. ಅಷ್ಟರಲ್ಲಿ ಒಳಗಿಂದ ಅತ್ತೆ ಬೇಸತ್ತು, ತಮ್ಮ ತವರಿನ ತೆಲುಗಿನಲ್ಲಿ, "ಇಟ್ಲ ರಾ" ಎಂದರು. ಬಾ ಎಂದಿದ್ದೇ ತಡ, ನಾಯಿ ಹಗ್ಗ ಜಗ್ಗಿಕೊಂಡು ಹೊಸಲು ದಾಟಿ ಅವರ ಕಾಲ ಬಳಿ ಕೂತಿತು. ಅತ್ತೆಗೆ ಆದ ಸಂತೋಷ ಮುಚ್ಚಿಡಲು ಆಗಲಿಲ್ಲ. "ಪಾಪ, ಕನ್ನಡ ಬರಲ್ಲ ಕಣೇ ಇದಕ್ಕೆ" ಎಂದರು. ಚೈತನ್ಯ ಇಟ್ಟಿದ್ದ ಬ್ರೂನೋ ಎಂಬ ಹೆಸರು ಅಂದೇ ಹೋಯಿತು. ಈಗ ಅದು ಪೆದ್ದಾಯನ, ತೆಲುಗಿನಲ್ಲಿ ಹಿರಿಯರು ಎಂದರ್ಥ. ಅತ್ತೆ ಮಾತ್ರ ಕನ್ನಡದಲ್ಲಿ ಹೇಳುವಾಗ 'ಅವನು' ಎನ್ನುತ್ತಾರೆ, ಮನೆಯ ಹುಡುಗನಂತೆ.

ಡಿಸೆಂಬರಿನ ಚಳಿಗೆ ಬೋಳು ಮೈಯ ಪೆದ್ದಾಯನ ಗಡಗಡ ನಡುಗತೊಡಗಿದ. ನನ್ನ ಬಳಿ ಉಲ್ಲನ್ ಮುಗಿದಿತ್ತು. ಒಂದು ಭಾನುವಾರ ಅತ್ತೆ ಟ್ರಂಕಿನ ತಳದಿಂದ ಒಂದು ನೀಲಿ ಗಂಟು ತಂದು ನನ್ನ ತೊಡೆಯ ಮೇಲೆ ಹಾಕಿದರು. ನಿನಗೆ ನೆನಪಿದೆಯೋ ಇಲ್ಲವೋ, ಅರುಣ್ ನನ್ನನ್ನೂ ಈ ಮನೆಯನ್ನೂ ಬಿಟ್ಟು ಅವಳ ಜೊತೆ ಕೋಲಾರಕ್ಕೆ ಹೋದ ವರ್ಷ ನಾನು ಅವನಿಗೆಂದು ಹೆಣೆಯುತ್ತಿದ್ದ ಸ್ವೆಟರ್ ಅದು. ಒಂದು ತೋಳು ಬಾಕಿ ಇತ್ತು.

"ಬಿಚ್ಚು ಇದನ್ನ" ಎಂದರು.

"ಅತ್ತೆ, ಇದು ಅರುಣ್‌ದು."

"ಗೊತ್ತು. ನಾನೇ ಹೆತ್ತಿದ್ದು ಅವನನ್ನ. ನೀನು ಬಿಚ್ಚು, ಉಂಡೆ ನಾನು ಸುತ್ತುತೀನಿ."

ಬಿಚ್ಚಿದೆ. ಸಾಲಿನ ಹಿಂದೆ ಸಾಲು ಸರಸರನೆ ಹೋಯಿತು. ಅಳು ಬರುತ್ತದೆ ಎಂದುಕೊಂಡಿದ್ದೆ, ಆದರೆ ಪೆದ್ದಾಯನ ಉಂಡೆ ಕಚ್ಚಿಕೊಂಡು ಅಡುಗೆಮನೆ ಸುತ್ತಿ, ಗ್ಯಾಸ್ ಸಿಲಿಂಡರಿಗೆ ಎರಡು ಸುತ್ತು ಹಾಕಿ, ಅತ್ತೆಯ ಕಾಲಿಗೂ ಸುತ್ತಿಬಿಟ್ಟ. ಅವರನ್ನು ಬಿಡಿಸುವುದರಲ್ಲಿ ಅಳುವುದು ಮರೆತೇಹೋಯಿತು. ನಾಯಿಗೆ ಅಳತೆ ತೆಗೆಯುವುದು ನೀನು ಹಾಸ್ಟೆಲಿನಲ್ಲಿ ಕಲಿಸಿದ ಯಾವ ಪಾಠದಲ್ಲೂ ಇರಲಿಲ್ಲ. ಮೊದಲ ಸಲ ಕತ್ತು ಬಿಗಿಯಾಯಿತು, ಎರಡನೆಯ ಸಲ ಬಾಲವೂ ಒಳಗೆ ಹೋಯಿತು. ಕೊನೆಗೆ ಸರಿಬಂತು. ಬೀದಿಯವರೆಲ್ಲ ಬಂದು ನೋಡಿ ಹೋದರು.

ಹದಿನೈದು ದಿನ ಎಂದವನು ಸಂಕ್ರಾಂತಿಯ ಮರುದಿನ ಬಂದ, ಮಾಲೂರಿನ ಮುನೇಶ್ ಎಂಬವರನ್ನೂ ಅವರ ಹೆಂಡತಿಯನ್ನೂ ಕರೆದುಕೊಂಡು. ಒಳ್ಳೆಯ ಜನ, ದೊಡ್ಡ ತೋಟ. ನಾನು ಕಾಫಿಗೆಂದು ಒಳಗೆ ಹೋದೆ. ಅತ್ತೆ ನಡುಮನೆಯಲ್ಲಿ ಸಂದರ್ಶನ ಶುರು ಮಾಡಿದರು.

"ಕಾವಲಿಗೆ ಬೇಕಿತ್ತಮ್ಮ" ಎಂದರು ಮುನೇಶ್.

"ಕಾವಲಾ? ಕಳ್ಳ ಬಂದ್ರೆ ಗೇಟ್‌ವರ್ಗೂ ಹೋಗಿ ಬಿಟ್ಟು ಬರ್ತಾನೆ. ಹಲ್ಲು ನಂಗಿಂತ ಕಮ್ಮಿ. ಮುದ್ದೆ ಬಿಸಿ ಇರ್ಬೇಕು, ಆರಿದ್ರೆ ಮುಟ್ಟಲ್ಲ. ಮತ್ತೆ ಅವನಿಗೆ ಕನ್ನಡ ಬರಲ್ಲ."

"ನಮ್ಮನೇಲೂ ತೆಲುಗೇ ಅಮ್ಮ."

ಅತ್ತೆ ನಾಯಿಯನ್ನು ತಮ್ಮ ಕಾಲ ಬಳಿಗೆ ಎಳೆದುಕೊಂಡರು. ಆಮೇಲೆ, "ನಿಮ್ದು ಮಾಲೂರು ತೆಲುಗು. ಇವನಿಗೆ ನಂಗಲಿ ತೆಲುಗೇ ಆಗ್ಬೇಕು" ಎಂದರು.

ಅದೇ ಹೊತ್ತಿಗೆ ಪೆದ್ದಾಯನ ಸದ್ದಿಲ್ಲದೆ ಹೂಸು ಬಿಟ್ಟ. ಮುನೇಶರ ಹೆಂಡತಿ ಸೆರಗು ಮೂಗಿಗೆ ಹಿಡಿದು, ನಗು ತಡೆಯುತ್ತಾ, "ಇದನ್ನ ನಿಮ್ಮಿಂದ ಬಿಡಿಸಿದ್ರೆ ನಮಗೆ ಪಾಪ ಬರುತ್ತೆ ಬಿಡಿಯಮ್ಮ" ಎಂದರು. ಕಾಫಿ ಕುಡಿದು ಹೋದರು. ಚೈತನ್ಯ, "ಏನಜ್ಜಿ ಹಿಂಗೆ ಮಾಡ್ಬಿಟ್ರಿ?" ಎಂದರೆ, "ನಾನೇನು ಸುಳ್ಳು ಹೇಳಿದ್ನಾ?" ಎಂದು ಅವನನ್ನೇ ಗದರಿದರು. ಪೆದ್ದಾಯನ ಈಗ ನಮ್ಮವನೇ.

ನಿನ್ನ ಯಜಮಾನರಿಗೆ ನಮಸ್ಕಾರ. ಪರೀಕ್ಷೆಗೆ ಕೂರುವ ನಿನ್ನ ಮಗಳು ನೆಮ್ಮದಿಯಾಗಿ ಓದಲಿ, ಒಳ್ಳೆಯದಾಗಲಿ ಎಂದು ಈ ದೊಡ್ಡಮ್ಮ ಹರಸಿದಳೆಂದು ಹೇಳು.

ನಿನ್ನ
ಆಶಾರಾಣಿ

ತಾ.ಕ.: ಇದನ್ನು ಮೇಲೆ ಬರೆಯಲು ಆಗಲಿಲ್ಲ. ಅರುಣನಿಗೆ ಗಂಡು ಮಗುವಾಗಿದೆ. ಅವಳಿಗೆ ತಾಯಿ ಇಲ್ಲ, ಬಾಣಂತನಕ್ಕೆ ಅಮ್ಮ ಬರಲಿ ಎಂದು ಮೊನ್ನೆ ಫೋನ್ ಮಾಡಿದ್ದ. ಅತ್ತೆ ಹೋಗುವುದಿಲ್ಲ ಎಂದು ಹಟ ಹಿಡಿದರು. ಹೋಗಿ ಎಂದು ಕಳಿಸುತ್ತಿರುವುದು ನಾನೇ, ಮಗುವಿನದೇನು ತಪ್ಪು? ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿಸಬೇಕು. ನಿನ್ನೆ ಅವರು ಬಟ್ಟೆ ಜೋಡಿಸುವಾಗ, ಎಲ್ಲ ಸೀರೆಗಳನ್ನೂ ಇಟ್ಟುಕೊಳ್ಳುತ್ತಾರೋ ಒಂದೆರಡು ಇಲ್ಲೇ ಬಿಡುತ್ತಾರೋ ಎಂದು ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಪೂರ್ತಿ ನೋಡಲು ಧೈರ್ಯ ಬಾರದೆ ಬಂದುಬಿಟ್ಟೆ. ಯಾವಾಗ ವಾಪಸ್ಸು ಬರುತ್ತೀರಿ ಎಂದು ಕೇಳಬೇಕು ಶಿವಾನಿ. ಆದರೆ ಕೋರ್ಟಿನಲ್ಲಿ ವಿಚ್ಛೇದನದ ತೀರ್ಪು ಬಂದ ಮೇಲೆ ನಾನು ಅವರಿಗೆ ಏನಾಗಬೇಕು? ಯಾವ ಸಲಿಗೆಯಿಂದ ಕೇಳಲಿ?