ಹಳದಿ ದಸ್ತಿ

ಶಿವಕಾಂತಾ,

ನಿನ್ನ ಗಂಡನ ಮನೆಯಲ್ಲಿ ಪತ್ರಗಳನ್ನು ಬೇರೆಯವರು ಒಡೆಯುತ್ತಾರಂತೆ. ಆದ್ದರಿಂದ ಇದನ್ನು ಕಳಿಸುವುದಿಲ್ಲ.

ಇವತ್ತು ಯೂನಿವರ್ಸಿಟಿಗೆ ಮೊದಲ ದಿನ. ಆಳಂದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ದಸ್ತಿ ಎಸೆದು ಸೀಟು ಹಿಡಿದೆ. ಕಾಲೇಜಿನ ರೂಢಿ ನೋಡು, ಎರಡು ಎಸೆದಿದ್ದೆ: ನನ್ನದೊಂದು, ನೀನು ನನ್ನ ಬ್ಯಾಗಿನಲ್ಲೇ ಬಿಟ್ಟುಹೋದ ಹಳದಿ ಕರ್ಚೀಫೊಂದು.

ಬುಟ್ಟಿ ಹಿಡಿದ ಅಜ್ಜಿ ಕೇಳಿದಳು, “ಇಲ್ಲಿ ಯಾರರ ಬರೋರು ಅದಾರೇನ್ ಬೇ?”

“ಹೌದ್ರಿ ಆಯಿ, ನಮ್ಮ ಗೆಳತಿ ಬರ್ತಾಳ್ರಿ.”

ಬಾಯಿಗೆ ತಾನಾಗಿ ಬಂತು. ಬಸ್ಸು ಹೊರಟಿತು. ಕಿಟಕಿಯಾಚೆ ತೊಗರಿ ಹೊಲಗಳು ಹಸಿರು ನೀರಿನಂತೆ ಹರಿದವು. ನೀನು ಎಂದಿನಂತೆ ಗಾಜಿಗೆ ಹಣೆ ಹಚ್ಚಿ ಮಲಗಿದ್ದೀಯ ಅನ್ನಿಸುತ್ತಿತ್ತು.

ನಿನ್ನ ಮದುವೆ ಗೊತ್ತಾದ ದಿನ ನೀನು ನನ್ನ ಕೈ ಹಿಡಿದಿದ್ದೆ. “ಇನ್ನೂ ಓದಲಿ ಅಂತ ನೀ ಒಂದು ಮಾತು ಹೇಳ್ ಬೇ. ನಮ್ಮಪ್ಪ ನಿನ್ನ ಮಾತು ಕೇಳ್ತಾನ.” ನಾನು ಹೋದೆ. ನಿಮ್ಮಪ್ಪನ ಎದುರು ಕೂತು ಚಹಾ ಕುಡಿದು ಬಂದೆ, ಅಷ್ಟೇ.

ಅಜ್ಜಿ ಇನ್ನೂ ನಿಂತೇ ಇದ್ದಳು. “ಬರಲಿಲ್ಲಲ್ಲ ಬೇ, ನಿನ್ನ ಗೆಳತಿ?”

ಕಿಟಕಿ ಪಕ್ಕದ ಸೀಟಿನಿಂದ ಹಳದಿ ದಸ್ತಿ ಎತ್ತಿಕೊಂಡೆ.

“ನೀನ ಕಿಟಕಿ ಬಾಜೂ ಸರಿ, ಗಾಳಿ ಬರ್ತದ,” ಅಂದಳು.

“ಬ್ಯಾಡ್ರಿ,” ಅಂದೆ. “ಅಲ್ಲಿ ನೀವ ಕೂಡ್ರಿ.”